ಚೀನೀ ಭಾಷೆ ಕಲಿಯಲು ಪ್ಯಾಕೇಜ್ ಶಾಲೆಯೋ, ತರಗತಿಗಿಷ್ಟು ಎನ್ನುವ ಶಿಕ್ಷಕಿಯೋ?

ಚೀನೀ ಭಾಷೆ ಕಲಿಯಬೇಕೆಂದು ಯಾರಾದರೂ ನನ್ನನ್ನು ಕೇಳಿದರೆ, ತರಗತಿಗಿಷ್ಟು ಎಂದು ಶುಲ್ಕ ಪಡೆದು ಪಾಠ ಹೇಳುವ ಶಿಕ್ಷಕರನ್ನು ಹುಡುಕಿಕೊಳ್ಳಿ ಎನ್ನುತ್ತೇನೆ. ನಾನು ಮೊದಲು ಸೇರಿದ್ದು ಆನ್‌ಲೈನ್ ಶಾಲೆಯೊಂದರ ದೊಡ್ಡ ಪ್ಯಾಕೇಜಿಗೆ. ಅದನ್ನು ಅರ್ಧಕ್ಕೇ ಬಿಟ್ಟು, ಈಗ ಸ್ವತಂತ್ರವಾಗಿ ಪಾಠ ಹೇಳುವ ಶಿಕ್ಷಕಿಯೊಬ್ಬರ ಬಳಿ ಕಲಿಯುತ್ತಿದ್ದೇನೆ. ಎರಡೂ ಕಡೆ ಮ್ಯಾಂಡರಿನ್ನೇ, ಎರಡೂ ಕಡೆ ಗುರಿ ಚೀನೀ ಭಾಷೆಯ ಪ್ರಾವೀಣ್ಯವನ್ನು ಹಂತ ಹಂತವಾಗಿ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯೇ.

ಶಾಲೆಯ ಜಾಹೀರಾತಿನಲ್ಲಿ ಎದ್ದು ಕಾಣುತ್ತಿದ್ದ ಮಾತು, ‘ಮೂರು ತಿಂಗಳಲ್ಲಿ ಎಚ್‌ಎಸ್‌ಕೆ ನಾಲ್ಕನೇ ಹಂತ’. ಆ ಪರೀಕ್ಷೆಯ ಆರು ಹಂತಗಳ ಪಠ್ಯಕ್ರಮದ ಲೆಕ್ಕದಲ್ಲಿ ಮೊದಲ ಹಂತಕ್ಕೆ 150 ಪದ, ಹಿಂದಿನವೂ ಸೇರಿ ಎರಡಕ್ಕೆ 300, ಮೂರಕ್ಕೆ 600, ನಾಲ್ಕಕ್ಕೆ 1,200. ಮೂರು ತಿಂಗಳೆಂದರೆ ಒಂದು ದಿನವೂ ಬಿಡದೆ ದಿನಕ್ಕೆ ಹದಿಮೂರು ಹೊಸ ಪದ. ಪ್ರತಿ ಪದಕ್ಕೂ ಉಚ್ಚಾರಣೆ, ಸ್ವರ (ಅರ್ಥವನ್ನೇ ಬದಲಿಸುವ ದನಿಯ ಏರಿಳಿತ), ಲಿಪಿಚಿಹ್ನೆ ಮೂರನ್ನೂ ನೆನಪಿಡಬೇಕು. ಮೂರನೇ ಹಂತದಿಂದ ಪ್ರಶ್ನೆಪತ್ರಿಕೆಯಲ್ಲಿ ಪಿನ್‌ಯಿನ್, ಅಂದರೆ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ರೂಪದ, ಆಸರೆಯೂ ಇರುವುದಿಲ್ಲ. ಇದರ ಮೇಲೆ, 2021ರಲ್ಲಿ ಒಂಬತ್ತು ಹಂತಗಳ ಹೊಸ ಮಾನದಂಡ ಬಂದಿದೆ. ಅದರಲ್ಲಿ ಮೊದಲ ಹಂತಕ್ಕೇ 500 ಪದ. ನಿಮ್ಮ ‘ನಾಲ್ಕು’ ಯಾವ ಲೆಕ್ಕದ್ದು ಎಂದು ಕೇಳಿದ್ದಕ್ಕೆ ಶಾಲೆಯ ಸಲಹೆಗಾರ್ತಿಯಿಂದ ಬಂದ ಉತ್ತರ, ‘ನಮ್ಮ ವಿದ್ಯಾರ್ಥಿಗಳು ಮಾಡಿ ತೋರಿಸಿದ್ದಾರೆ’ ಎಂಬುದಷ್ಟೇ. ‘ಈ ರಿಯಾಯಿತಿ ಇಂದು ರಾತ್ರಿಯವರೆಗೆ ಮಾತ್ರ’ ಎಂಬ ಸೂಚನೆ ಮರುವಾರವೂ ಹಾಗೆಯೇ ಇತ್ತು. ಉಚಿತ ಪ್ರಾಯೋಗಿಕ ತರಗತಿಯಲ್ಲಿ ಕಲಿಸಿದ ಶಿಕ್ಷಕ ನಿಜಕ್ಕೂ ಒಳ್ಳೆಯವರು; ಹಣ ಕಟ್ಟಿದ ಮೇಲೆ ಅವರ ಮುಖ ಕಾಣಲಿಲ್ಲ.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾಗದೆ ಹೋದದ್ದು ಹಣ ಮರಳಿಸುವ ನಿಯಮ. ಇದನ್ನು ಬಿಡಿಸಿಯೇ ಹೇಳಬೇಕು.

ಸೇರುವಾಗ ನನಗೆ ಬರೆದು ಕಳುಹಿಸಿದ್ದ ಸಂದೇಶದಲ್ಲಿ ‘ಬಳಸದ ತರಗತಿಗಳ ಹಣ ಯಾವಾಗ ಬೇಕಾದರೂ ವಾಪಸ್’ ಎಂದಿತ್ತು. ಒಪ್ಪಂದದ ಒಳಗೆ ಇನ್ನೊಂದು ವಾಕ್ಯ ಅಡಗಿತ್ತು: ಬಳಸಿದ ತರಗತಿಗಳನ್ನು ಮೂಲ ದರದಲ್ಲಿ ಲೆಕ್ಕ ಹಾಕಲಾಗುವುದು. ನೋಡಲು ನಿರುಪದ್ರವಿ ವಾಕ್ಯ. ಸುಲಭದ ಅಂಕಿಗಳಲ್ಲಿ ಲೆಕ್ಕ ಹಾಕಿ ನೋಡಿ. ತರಗತಿಯ ಮೂಲ ದರ 100, ಅರ್ಧ ರಿಯಾಯಿತಿಯಲ್ಲಿ 50. ಅರವತ್ತು ತರಗತಿಗೆ ನೀವು ಕಟ್ಟಿದ್ದು 3,000. ಇಪ್ಪತ್ತು ತರಗತಿ ಮುಗಿಸಿ ಬಿಟ್ಟರೆ ಉಳಿದ ನಲವತ್ತಕ್ಕೆ 2,000 ಬರಬೇಕೆಂದು ಯಾರಿಗಾದರೂ ಅನಿಸುತ್ತದೆ. ಶಾಲೆಯ ಲೆಕ್ಕದಲ್ಲಿ ಆ ಇಪ್ಪತ್ತು ತರಗತಿಗೆ ತಲಾ 100ರಂತೆ 2,000 ಕಳೆದು, ಉಳಿಯುವುದು 1,000. ಮೂವತ್ತು ತರಗತಿ ಮುಗಿದಿದ್ದರೆ, ಇನ್ನು ಮೂವತ್ತು ಬಾಕಿ ಇದ್ದರೂ, ಕೈಗೆ ಬರುವುದು ಸೊನ್ನೆ. ಉಡುಗೊರೆಯೆಂದು ಕೊಟ್ಟ ತರಗತಿಗಳು ಪಟ್ಟಿಯ ಕೊನೆಯಲ್ಲಿರುತ್ತವೆ. ನಡುವೆ ಬಿಟ್ಟವರಿಗೆ ಅವು ಇದ್ದೂ ಇಲ್ಲ. ಪಠ್ಯಸಾಮಗ್ರಿಯ ಹಣವನ್ನು ಬೇರೆಯಾಗಿ ಮುರಿದುಕೊಳ್ಳುತ್ತಾರೆ. ರಿಯಾಯಿತಿ ದೊಡ್ಡದಾದಷ್ಟೂ ಹೊರಬರುವ ದಾರಿ ಕಿರಿದಾಗುವ ಈ ಏರ್ಪಾಡು ನನಗೆ ಸಿಟ್ಟು ತರಿಸಿತು, ಈಗಲೂ ತರಿಸುತ್ತದೆ.

ಹಣ ಕಟ್ಟುವವರೆಗೆ ಸಲಹೆಗಾರ್ತಿ ರಾತ್ರಿ ಹೊತ್ತಿನಲ್ಲೂ ಉತ್ತರಿಸುತ್ತಿದ್ದರು. ಕಟ್ಟಿದ ಮೇಲೆ ನನ್ನನ್ನು ‘ವಿದ್ಯಾರ್ಥಿ ಸೇವೆ’ಗೆ ಒಪ್ಪಿಸಿದರು. ಅಲ್ಲಿ ಪ್ರತಿ ಬಾರಿಯೂ ಹೊಸಬರು; ಪ್ರತಿ ಬಾರಿಯೂ ಕಥೆಯನ್ನು ಮೊದಲಿನಿಂದ ಹೇಳಬೇಕು; ಕೊನೆಗೆ ‘ಸಂಬಂಧಪಟ್ಟ ವಿಭಾಗಕ್ಕೆ ತಿಳಿಸಿದ್ದೇವೆ’. ಲಿಖಿತ ಉತ್ತರ ಕೇಳಿದರೆ ದೂರವಾಣಿ ಕರೆ ಬರುತ್ತಿತ್ತು, ಬರಹದಲ್ಲಿ ಏನೂ ಸಿಗುತ್ತಿರಲಿಲ್ಲ. ಆ ಹಳೆಯ ಸಂದೇಶದ ಸ್ಕ್ರೀನ್‌ಶಾಟನ್ನು ದಿನಾಂಕ ಸಮೇತ ಕಳುಹಿಸಿದ ಮೇಲೆಯೇ ಮಾತಿನ ಧಾಟಿ ಬದಲಾಗಿ ಒಂದಷ್ಟು ಹಣ ಬಂದದ್ದು. ಪೂರ್ತಿ ಬರಲಿಲ್ಲ.

ಶಾಲೆಯ ಪಠ್ಯಪುಸ್ತಕಗಳು ಮತ್ತು ಅಭ್ಯಾಸ ಪತ್ರಿಕೆಗಳು ಅಚ್ಚುಕಟ್ಟಾಗಿದ್ದವು. ಆ ವಿಷಯದಲ್ಲಿ ಶಿಕ್ಷಕಿಗಿಂತ ಶಾಲೆಯೇ ಮೇಲು.

ಪಾಠದ ವಿಷಯಕ್ಕೆ ಬಂದರೆ ಹೋಲಿಕೆಯೇ ಇಲ್ಲ. ಶಾಲೆಯ ತರಗತಿಯಲ್ಲಿ ಸ್ಲೈಡ್ ಮುಗಿಯಬೇಕು, ಉಚ್ಚಾರ ಸರಿಯಾಗದಿದ್ದರೂ ಪಾಠ ಮುಂದೆ ಹೋಗಬೇಕು. ಪಿನ್‌ಯಿನ್‌ನ ಬಿ ಅಕ್ಷರವನ್ನು ನಾನು ಅಷ್ಟೂ ಕಾಲ ‘ಬ’ ಎಂದೇ ಓದುತ್ತಿದ್ದೆ, ಯಾರೂ ತಡೆಯಲಿಲ್ಲ. ಈಗಿನ ಶಿಕ್ಷಕಿ ಮೊದಲ ತರಗತಿಯಲ್ಲೇ ತುಟಿಯ ಮುಂದೆ ಕಾಗದದ ಚೂರೊಂದನ್ನು ಹಿಡಿಯಲು ಹೇಳಿದರು. ಪಿ ಎಂದು ಬರೆದ ಕಡೆ ಕಾಗದ ಅಲುಗಾಡಬೇಕು, ಬಿ ಎಂದು ಬರೆದ ಕಡೆ ಅಲುಗಾಡಬಾರದು, ಆದರೆ ಗಂಟಲು ಗುಂಯ್‌ಗುಡಲೂಬಾರದು. ನಮ್ಮ ಅಲ್ಪಪ್ರಾಣ ‘ಪ’ ಮತ್ತು ಉಸಿರೊತ್ತಿದ ಮಹಾಪ್ರಾಣ ‘ಫ’ ಇವೇ ಎಂದು ನನಗೆ ಆಗ ಹೊಳೆಯಿತು. ಡಿ–ಟಿ, ಜಿ–ಕೆ ಜೋಡಿಗಳೂ ಅದೇ ದಾರಿಯವು. ಅಲ್ಪಪ್ರಾಣ–ಮಹಾಪ್ರಾಣ ಕಲಿತೇ ಬೆಳೆದ ಕನ್ನಡಿಗರಿಗೆ ಇದು ಒಂದು ಗಂಟೆಯ ಪಾಠ. ದನಿಯ ಏರಿಳಿತದ ನಾಲ್ಕು ಸ್ವರಗಳಲ್ಲಿ ಮೂರನೆಯದು ಎರಡು ಸಲ ಒಟ್ಟಿಗೆ ಬಂದರೆ ಮೊದಲನೆಯದನ್ನು ಎರಡನೇ ಸ್ವರವಾಗಿ ಉಚ್ಚರಿಸಬೇಕು ಎಂಬ ನಿಯಮವನ್ನೂ ಅವರು ‘ನಿ ಹಾವ್’ ಎಂಬ ಮೊದಲ ನಮಸ್ಕಾರದಲ್ಲೇ ಕಿವಿಗೆ ಹಾಕಿದರು.

ತರಗತಿಯ ಲೆಕ್ಕದಲ್ಲಿ ಶಿಕ್ಷಕಿಯ ಶುಲ್ಕ ಶಾಲೆಯ ರಿಯಾಯಿತಿ ದರಕ್ಕಿಂತ ಹೆಚ್ಚು. ಹಾಗಿದ್ದೂ ನನಗೆ ಅದೇ ಅಗ್ಗ. ನನ್ನ ಕೆಲಸದ ವೇಳೆ ವಾರ ವಾರಕ್ಕೂ ಬದಲಾಗುತ್ತದೆ. ಶಾಲೆಯಲ್ಲಿ ಕಡೇ ಗಳಿಗೆಯಲ್ಲಿ ರದ್ದುಪಡಿಸಿದ ತರಗತಿ ಮುಗಿದಂತೆಯೇ ಲೆಕ್ಕ, ಪ್ಯಾಕೇಜಿಗೆ ಅವಧಿ ಬೇರೆ. ಇಲ್ಲಿ ಹಿಂದಿನ ದಿನ ತಿಳಿಸಿದರೆ ಸಾಕು. ಸಂಬಳ ಬಂದ ಮೇಲೆ ಆ ತಿಂಗಳ ತರಗತಿಗಳಿಗಷ್ಟೇ ಹಣ ಕೊಡುತ್ತೇನೆ. ಕೈ ಬಿಗಿಯಾದ ತಿಂಗಳು ಎರಡು ತರಗತಿ ಕಡಿಮೆ ಮಾಡುತ್ತೇನೆ. ನಿಗದಿತ ವೇಳೆಗೆ ತಪ್ಪದೆ ಕೂರಬಲ್ಲವರು, ಪೂರ್ತಿ ಮುಗಿಸುವ ಖಾತ್ರಿ ಇರುವವರು, ಅಥವಾ ಕಚೇರಿಯೇ ಶುಲ್ಕ ಭರಿಸುವವರು ಪ್ಯಾಕೇಜ್ ಕೊಳ್ಳುವುದಾದರೆ ಕೊಳ್ಳಲಿ. ಆದರೆ ಹಣ ಕಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಿ: ‘ಅರ್ಧದಷ್ಟು ತರಗತಿಗಳನ್ನು ಮುಗಿಸಿ ಬಿಟ್ಟರೆ ನನಗೆ ಎಷ್ಟು ಹಣ ವಾಪಸ್ ಬರುತ್ತದೆ?’ ಉತ್ತರ ಬರಹದಲ್ಲಿ, ಅಂಕಿಯಲ್ಲಿ ಬರಲಿ. ಬರದಿದ್ದರೆ ಆ ಶಾಲೆ ಬೇಡ.