ಟೆಸ್ಟೋಸ್ಟೆರಾನ್ ಇಂಜೆಕ್ಷನ್: ಮೂರು ವರ್ಷ ತಗೊಂಡ ಮೇಲೆ

ನನಗೀಗ 49. ಮೂರು ವರ್ಷದಿಂದ ಟೆಸ್ಟೋಸ್ಟೆರಾನ್ ಅಂಡೆಕನೋಯೇಟ್ (ಗಂಡಸರ ಹಾರ್ಮೋನಿನ ಔಷಧಿ) 1000 ಮಿಲಿಗ್ರಾಂ ಇಂಜೆಕ್ಷನ್ ತಗೊಳ್ತಿದ್ದೀನಿ. ಶುರು ಮಾಡೋಣ ಅಂತಿರೋರು ದಯವಿಟ್ಟು ಮೊದಲು ರಕ್ತಪರೀಕ್ಷೆಗಳ ಬಗ್ಗೆ ತಿಳ್ಕೊಳ್ಳಿ.

ಸದಾ ಸುಸ್ತು, ಲೈಂಗಿಕ ಆಸಕ್ತಿ ಅನ್ನೋದೇ ಇರಲಿಲ್ಲ. ನಾನೇ ಒಂದು ಸಂಜೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆ, ಟೆಸ್ಟೋಸ್ಟೆರಾನ್ ಕಮ್ಮಿ ಬಂತು. ಹಾರ್ಮೋನ್ ಡಾಕ್ಟರು ಆ ರಿಪೋರ್ಟು ಲೆಕ್ಕಕ್ಕೇ ತಗೊಳ್ಳಲಿಲ್ಲ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿರುತ್ತೆ, ಸಂಜೆಗೆ ಇಳಿಯುತ್ತೆ, ಊಟ ಮಾಡಿದ್ರೂ ಇಳಿಯುತ್ತೆ. ಬೇರೆ ಬೇರೆ ದಿನ ಎರಡು ಸಲ ಬೆಳಿಗ್ಗೆ ಖಾಲಿ ಹೊಟ್ಟೇಲಿ ಮಾಡಿಸಿದ್ರು. ಒಂದು ಡೆಸಿಲೀಟರ್ ರಕ್ತಕ್ಕೆ 218 ನ್ಯಾನೋಗ್ರಾಂ, ಆಮೇಲೆ 231. ಸಾಮಾನ್ಯವಾಗಿ 300ರ ಕೆಳಗಿದ್ರೆ ಕಮ್ಮಿ ಅಂತಾರೆ. ಆಮೇಲೆ ಎಲ್‌ಎಚ್, ಪ್ರೊಲ್ಯಾಕ್ಟಿನ್ (ಎರಡೂ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳು), ಪ್ರಾಸ್ಟೇಟಿಗೆ ಪಿಎಸ್‌ಎ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳು ಶೇಕಡಾ ಎಷ್ಟು ಅನ್ನೋದು) ಪರೀಕ್ಷೆಗಳಾದವು. "ಇನ್ನು ಮಕ್ಕಳು ಬೇಕಾ?" ಅಂತಲೂ ಕೇಳಿದ್ರು. ಹೊರಗಿಂದ ಹಾರ್ಮೋನ್ ಹೋದ್ರೆ ವೀರ್ಯಾಣು ಹುಟ್ಟೋದೇ ನಿಲ್ಲಬಹುದಂತೆ. ನನ್ನ ಮಕ್ಕಳು ಕಾಲೇಜಲ್ಲಿದ್ದಾರೆ. ಮದುವೆಯಾಗದ ಹುಡುಗರು ಜಿಮ್ಮಲ್ಲಿ ಯಾರೋ ಹೇಳಿದ್ರು ಅಂತ ಚುಚ್ಚಿಸ್ಕೊಳ್ಳೋದು ನೋಡಿದ್ರೆ ಸಂಕಟವಾಗುತ್ತೆ.

ಔಷಧಿ ಇರೋದು ಹರಳೆಣ್ಣೆಯಲ್ಲಿ, 4 ಮಿಲಿ. ನಮ್ಮ ಸಿಸ್ಟರು ಬಾಟಲಿನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡ್ತಾರೆ, ಆಮೇಲೆ ಪಿರ್ರೆಗೆ ಎರಡು ನಿಮಿಷ ನಿಧಾನವಾಗಿ ಬಿಡ್ತಾರೆ. ಒಮ್ಮೆ ಬೇರೆ ಕ್ಲಿನಿಕ್‌ನಲ್ಲಿ ಸರ್ರನೆ ಒತ್ತಿಬಿಟ್ರು. ಗಂಟಲು ಕೆರೆದು ಕೆಮ್ಮು ಹತ್ತಿತು, ಉಸಿರು ಕಟ್ಟಿದ ಹಾಗಾಯ್ತು. ಎಣ್ಣೆಯ ಸಣ್ಣ ಹನಿ ಶ್ವಾಸಕೋಶಕ್ಕೆ ಹೋದ್ರೆ ಹೀಗಾಗುತ್ತಂತೆ. ಹತ್ತು ನಿಮಿಷದಲ್ಲಿ ಸರಿಹೋಯ್ತು, ಆದರೆ ಆ ಹತ್ತು ನಿಮಿಷ ಮರೆತಿಲ್ಲ. ಚುಚ್ಚಿಸ್ಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.

ಗುಣ? ಆಸಕ್ತಿ ಎರಡು ತಿಂಗಳಲ್ಲಿ ಮರಳಿತು. ಸುಸ್ತು ಅರ್ಧ ಹೋಯ್ತು. ಹೊಟ್ಟೆ ಮಾತ್ರ ಹಾಗೇ ಇದೆ.

ನಾನು ಹೆದರಿದ್ದು ಹೆಮಟೋಕ್ರಿಟ್‌ಗೆ. ಶುರುವಿನಲ್ಲಿ 45 ಇದ್ದದ್ದು ಒಂದು ವರ್ಷಕ್ಕೆ 53. ಇದು ಏರಿದಷ್ಟೂ ರಕ್ತ ಮಂದವಾಗ್ತಾ ಹೋಗುತ್ತೆ, 54 ದಾಟಿದ್ರೆ ಔಷಧಿ ನಿಲ್ಲಿಸ್ತಾರೆ. ಮೈಗೆ ಏನೂ ಗೊತ್ತಾಗ್ತಿರಲಿಲ್ಲ, ಪರೀಕ್ಷೆ ಮಾಡಿಸಿದ್ದಕ್ಕೆ ಸಿಕ್ಕಿತು. ಹಾಗಾಗಿ ಇಂಜೆಕ್ಷನ್‌ಗಳ ನಡುವಿನ ಹತ್ತು ವಾರದ ಅಂತರ ಹನ್ನೆರಡಾಯ್ತು. "ರಾತ್ರಿ ಗೊರಕೆ ನಿಂತು ಉಸಿರೇ ಇರಲ್ಲ ಇವರಿಗೆ" ಅಂತ ನನ್ನ ಹೆಂಡತಿ ಡಾಕ್ಟರಿಗೆ ಹೇಳಿದ್ದರಿಂದ ನಿದ್ದೆ ಪರೀಕ್ಷೆಯೂ ಆಯ್ತು. ಸ್ಲೀಪ್ ಆಪ್ನಿಯಾ (ನಿದ್ದೇಲಿ ಆಗಾಗ ಉಸಿರು ನಿಲ್ಲೋದು) ಇತ್ತು, ಅದರಿಂದಲೂ ಹೆಮಟೋಕ್ರಿಟ್ ಏರುತ್ತಂತೆ. ಈಗ ಸಿಪ್ಯಾಪ್ (ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡೋ ಯಂತ್ರ) ಹಾಕ್ಕೊಂಡು ಮಲಗ್ತೀನಿ, ಹೆಮಟೋಕ್ರಿಟ್ 48ಕ್ಕೆ ಇಳಿದಿದೆ.

ಟೆಸ್ಟೋಸ್ಟೆರಾನ್ ಮಟ್ಟವನ್ನ ಮುಂದಿನ ಇಂಜೆಕ್ಷನ್‌ಗೆ ಸ್ವಲ್ಪ ಮೊದಲು ನೋಡಿಸಬೇಕು. ನನ್ನ ಇಂಜೆಕ್ಷನ್ 22ಕ್ಕಿದೆ, 20ರ ಬೆಳಿಗ್ಗೆ ತಿಂಡಿಗೆ ಮುಂಚೆ ಲ್ಯಾಬಿಗೆ ಹೋಗ್ತೀನಿ.