ಹೊಸನಗರ ಕಡೆಯ ಒಂದು ಸರ್ಕಾರಿ ಶಾಲೆ: ರಿಸಲ್ಟ್ ಕೇಳುವ ಮೊದಲು

ಮಗಳು ಆರನೇ ಕ್ಲಾಸಿಗೆ ಇಲ್ಲಿ ಸೇರಿದ್ದು. ಈಗ ಏಳನೇ ಕ್ಲಾಸು. ಹಿರಿಯ ಪ್ರಾಥಮಿಕ ಶಾಲೆ, ಎಂಟರ ತನಕ ಇದೆ. ಹೆಸರು ಹಾಕುವುದಿಲ್ಲ. ದೂರುಗಳೂ ಇವೆ, ಮಗಳು ಇನ್ನೂ ಅಲ್ಲೇ ಓದಬೇಕಲ್ಲ!

ಸಿಕ್ಕವರೆಲ್ಲ ಕೇಳುವುದು ಒಂದೇ. "ರಿಸಲ್ಟ್ ಹೇಗಿದೆ ಅಲ್ಲಿ?" ಸಾಧಾರಣ. ಕ್ಲಾಸಿಗೆ ಒಬ್ಬರೋ ಇಬ್ಬರೋ ಎ ಪ್ಲಸ್, ಉಳಿದವರು ಬಿ ಆಸುಪಾಸು. ಆದರೆ ಆ ಕ್ಲಾಸಿನಲ್ಲಿ ಯಾರು ಕೂತಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಐದನೇ ಕ್ಲಾಸಿನಲ್ಲಿ ಚುರುಕಾಗಿದ್ದವರು ಗಾಜನೂರಿನ ನವೋದಯಕ್ಕೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ, ಆದರ್ಶ ವಿದ್ಯಾಲಯಕ್ಕೆ ಪರೀಕ್ಷೆ ಬರೆಯುತ್ತಾರೆ, ಎಲ್ಲ ಸರ್ಕಾರದ್ದೇ ಶಾಲೆಗಳು. ಮೂರಕ್ಕೂ ಸೇರಿಸಿಕೊಳ್ಳುವುದು ಆರನೇ ಕ್ಲಾಸಿಗೆ. ಸೀಟು ಸಿಕ್ಕವರು ಹೊರಟರು. ತೋಟ ಇದ್ದವರ ಮಕ್ಕಳು ಅದಕ್ಕೂ ಮೊದಲೇ ಹಳದಿ ವ್ಯಾನ್ ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಂ ಸೇರಿಯಾಗಿರುತ್ತದೆ. ಕೆನೆ ಎಲ್ಲ ತೆಗೆದುಕೊಂಡು ಹೋಗಿ, ಆಮೇಲೆ ಹಾಲು ನೀರಾಗಿದೆ ಅಂದರೆ ಹೇಗೆ?

ಸೇರಿಸುವ ಮೊದಲು, ಶಾಲೆಗಳ ಮಾಹಿತಿ ಇಡುವ ಕೇಂದ್ರ ಸರ್ಕಾರದ ವೆಬ್‌ಸೈಟ್ ಯುಡೈಸ್ ಪ್ಲಸ್‌ನಲ್ಲಿ ಈ ಶಾಲೆಯ ರಿಪೋರ್ಟ್ ಕಾರ್ಡ್ ನೋಡಿದ್ದೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಕೋಡ್ ಇರುತ್ತದೆ, ಕರ್ನಾಟಕದ್ದು 29ರಿಂದ ಶುರು. ಯಾವ ಕ್ಲಾಸಿಗೆ ಎಷ್ಟು ಗಂಡು, ಎಷ್ಟು ಹೆಣ್ಣು, ಶಿಕ್ಷಕರು ಎಷ್ಟು, ಶೌಚಾಲಯ ಎಷ್ಟು ಎಲ್ಲ ಸಿಗುತ್ತದೆ. ನನ್ನ ಕಣ್ಣಿಗೆ ಬಿದ್ದದ್ದು ಒಂದು ವಿಷಯ. ಆರರಿಂದ ಎಂಟರ ತನಕ ಹುಡುಗಿಯರೇ ಜಾಸ್ತಿ. ಇದಕ್ಕೇನು ದೊಡ್ಡ ಸಂಶೋಧನೆ ಬೇಕಿಲ್ಲ, ನಮ್ಮ ಕೇರಿಯಲ್ಲೇ ಮೂರು ಮನೆ ತೋರಿಸುತ್ತೇನೆ: ಮಗನಿಗೆ ಫೀಸು ಕಟ್ಟುತ್ತಾರೆ, ಮಗಳಿಗೆ ಸರ್ಕಾರಿ ಶಾಲೆ.

ಮಕ್ಕಳು ಎಷ್ಟು ಕಲಿತಿದ್ದಾರೆ ಅನ್ನುವುದು ಮಾತ್ರ ಆ ಕಾರ್ಡಿನಲ್ಲಿ ಇರುವುದಿಲ್ಲ. 2024ರ ಡಿಸೆಂಬರಿನಲ್ಲಿ ಮಕ್ಕಳ ಕಲಿಕೆ ಅಳೆಯಲು ದೇಶದಾದ್ಯಂತ ಪರಖ್ ಸಮೀಕ್ಷೆ ಆಯಿತಲ್ಲ, 3, 6, 9ನೇ ಕ್ಲಾಸಿಗೆ? ಅದರ ಫಲಿತಾಂಶ ಕೊಟ್ಟದ್ದು ಜಿಲ್ಲಾವಾರು. ನಮ್ಮ ಶಾಲೆ ಹೇಗೆ ಅಂತ ಅದರಲ್ಲಿ ಹುಡುಕಲು ಆಗುವುದಿಲ್ಲ. ಹೋಗಿ ಕೂತು ನೋಡಬೇಕು, ಅಷ್ಟೇ.

ನಾನು ನೋಡಿದ್ದು ಗಣಿತದ ಕ್ಲಾಸು. ಮೇಷ್ಟ್ರು ಪೇಪರಿನ ಅಡಿಕೆ ಧಾರಣೆ ಕತ್ತರಿಸಿ ಬೋರ್ಡಿಗೆ ಅಂಟಿಸಿದ್ದರು. ರಾಶಿ, ಬೆಟ್ಟೆ, ಗೊರಬಲು, ಸರಕು, ಹೀಗೆ ಅಡಿಕೆಯ ನಾಲ್ಕು ಬಗೆ. ಕನಿಷ್ಠ, ಗರಿಷ್ಠ ಎರಡೂ ದರ. "ಎರಡು ಕ್ವಿಂಟಾಲ್ ಮೂವತ್ತೈದು ಕೆಜಿ ಬೆಟ್ಟೆಗೆ ಎಷ್ಟಾಯ್ತು? ಹೋದ ವಾರಕ್ಕಿಂತ ಶೇಕಡಾ ಎಷ್ಟು ಇಳೀತು?" ಹಿಂದಿನ ಬೆಂಚಿನ ಹುಡುಗನೊಬ್ಬ ಪೆನ್ಸಿಲ್ ಮುಟ್ಟದೆ ಹೇಳಿದ. ಅವನ ಅಪ್ಪ ಅಡಿಕೆ ಗೊನೆ ಕೊಯ್ಯುವ ಕೆಲಸಕ್ಕೆ ಕೊಪ್ಪಳ ಕಡೆಯಿಂದ ಬಂದವರು. ಅದೇ ಹುಡುಗನಿಗೆ ಲೆಕ್ಕದ ಪ್ರಶ್ನೆಯನ್ನು ಪುಸ್ತಕದಿಂದ ಓದಿ ಹೇಳು ಅಂದರೆ ತಡವರಿಸುತ್ತಾನೆ. ಮೂರು ಊರಲ್ಲಿ ಮೂರು ಶಾಲೆ ಬದಲಾಯಿಸಿದ್ದಾನೆ. ಅವನಿಗೆ ಪರೀಕ್ಷೆಯಲ್ಲಿ ಬರುವ ಗ್ರೇಡು ಲೆಕ್ಕದ್ದೋ, ಓದಿನದ್ದೋ?

ಡಿಸೆಂಬರ್ ತಿಂಗಳ ಹಾಜರಿ ಪುಸ್ತಕ ನೋಡಿದರೆ ಇನ್ನೂ ಅರ್ಥವಾಗುತ್ತದೆ. ಅಡಿಕೆ ಸಿಪ್ಪೆ ಸುಲಿಯುವ ಕಾಲ. ಈಗ ಮಿಷನ್ ಬಂದಿದ್ದರೂ ಕೈಸುಲಿಗೆ ನಿಂತಿಲ್ಲ. ಅಮ್ಮಂದಿರು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ರಾತ್ರಿ ತನಕ ಕೂರುತ್ತಾರೆ, ಮನೆಯ ಅಡುಗೆ, ತಮ್ಮ ತಂಗಿಯರು ಎಲ್ಲ ದೊಡ್ಡ ಹುಡುಗಿಯ ತಲೆಗೆ. ಬೆಳಿಗ್ಗೆ ಬಂದರೂ ಕಣ್ಣು ಎಳೆಯುತ್ತಿರುತ್ತದೆ. ಇಲ್ಲಿಯ ಕನ್ನಡ ಮೇಡಂ ಸುಲಿಗೆಯ ಎರಡು ತಿಂಗಳು ಕಿರುಪರೀಕ್ಷೆಯನ್ನು ಮಧ್ಯಾಹ್ನ ಊಟವಾದ ಮೇಲೆ ಇಡುತ್ತಾರೆ. ಯಾವ ಸುತ್ತೋಲೆಯೂ ಹೇಳಿದ್ದಲ್ಲ. ಈ ಶಾಲೆಗೆ ನಾನು ಮಾರ್ಕ್ಸ್ ಕೊಡುವುದಾದರೆ ಇಂಥದ್ದಕ್ಕೆ.

ಊಟ ಚೆನ್ನಾಗಿದೆ. ಮೊಟ್ಟೆ ಕೊಡುತ್ತಾರೆ, ಬೇಡ ಅಂದವರಿಗೆ ಬಾಳೆಹಣ್ಣು. ಎಂಟನೇ ಕ್ಲಾಸಿನವರನ್ನು ಕೇಂದ್ರದ ವಿದ್ಯಾರ್ಥಿವೇತನಕ್ಕೆ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಗೆ ಸಂಜೆ ಕೂರಿಸಿ ಓದಿಸುತ್ತಾರೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ಅನುದಾನ ಇಲ್ಲದ ಖಾಸಗಿ ಶಾಲೆಯ ಮಕ್ಕಳಿಗೆ ಇದು ಇಲ್ಲ.

ಇನ್ನು ದೂರು. ವಿಜ್ಞಾನಕ್ಕೆ ಕಾಯಂ ಶಿಕ್ಷಕರಿಲ್ಲ. ಅತಿಥಿ ಶಿಕ್ಷಕಿ ಬರುವ ಹೊತ್ತಿಗೆ ಎರಡು ಪಾಠ ಹಿಂದೆ ಬಿದ್ದಿರುತ್ತದೆ. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಶಿಕ್ಷಣ ಹಕ್ಕು ಕಾಯ್ದೆ ಆರ್‌ಟಿಇ ಹೇಳುತ್ತದೆ. ಆ ಲೆಕ್ಕದಲ್ಲಿ ನಮ್ಮದು ಬಹಳ ಶ್ರೀಮಂತ ಶಾಲೆ! ಮಕ್ಕಳೇ ಕಡಿಮೆ ಅಲ್ವಾ? ಮಕ್ಕಳು ಕಡಿಮೆ ಅಂತ ಹುದ್ದೆ ಹೋಗುತ್ತದೆ, ಮೇಷ್ಟ್ರಿಲ್ಲ ಅಂತ ಇನ್ನೆರಡು ಮಕ್ಕಳು ವ್ಯಾನ್ ಹತ್ತುತ್ತವೆ. ಏಳನೇ ಕ್ಲಾಸಿನ ಕೋಣೆಗೆ ಶೀಟಿನ ಮಾಡು. ಜುಲೈ ಮಳೆ ಜೋರಾದರೆ ಮೇಷ್ಟ್ರ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಇಂಗ್ಲಿಷಂತೂ ಮನೆಯಲ್ಲಿ ನಾನೇ ಹೇಳಿಕೊಡಬೇಕು.

ಐದಕ್ಕೆ ಮೂರೂವರೆ. ವಿಜ್ಞಾನದ ಮೇಷ್ಟ್ರು ಬಂದ ದಿನ ನಾಲ್ಕು ಮಾಡುತ್ತೇನೆ.

ಸೇರಿಸುವ ಯೋಚನೆ ಇದ್ದರೆ ಟಿಸಿ ಜೊತೆಗೆ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡುವ ಗುರುತಿನ ಸಂಖ್ಯೆ) ಬರೆದುಕೊಂಡು ಹೋಗಿ. ಶನಿವಾರ ಅರ್ಧ ದಿನ, ಅವತ್ತು ಬೇಡ. ಗಣಿತದ ಪೀರಿಯಡ್ ಯಾವಾಗ ಅಂತ ಮೊದಲೇ ಕೇಳಿ, ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಹೆಡ್ ಮೇಷ್ಟ್ರು ಬೇಡ ಅನ್ನುವುದಿಲ್ಲ.