ಒಂಟಿ ಅಣುವನ್ನು ಎಳೆದು ನೋಡಲು: ಲೇಸರ್ ಚಿಮಟವೋ, ಎಎಫ್‌ಎಂ ಸೂಜಿಯೋ?

ಎಎಫ್‌ಎಂ ಅಂದರೆ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಚೂಪು ಸೂಜಿಯಿಂದ ತಡವಿ ನೋಡುವ ಸೂಕ್ಷ್ಮದರ್ಶಕ. ಎರಡರಲ್ಲಿ ಒಂದನ್ನು ಆರಿಸಲು, ಮೊದಲು ಎಷ್ಟು ಬಲ ಬೇಕು ಅಂತ ಕೇಳಿಕೊಳ್ಳಿ. ಜೀವಕೋಶದೊಳಗೆ ಸರಕು ಸಾಗಿಸುವ ಕೈನೆಸಿನ್ ಪ್ರೋಟೀನಿನ ಒಂದು ಹೆಜ್ಜೆ 8 ನ್ಯಾನೊಮೀಟರ್. ಸುಮಾರು 6 ಪಿಕೊನ್ಯೂಟನ್ (ನ್ಯೂಟನ್ ಬಲದ ಲಕ್ಷ ಕೋಟಿಯಲ್ಲೊಂದು ಪಾಲೇ ಒಂದು ಪಿಕೊನ್ಯೂಟನ್) ತಡೆ ಒಡ್ಡಿದರೆ ಅದು ನಿಂತೇಬಿಡುತ್ತದೆ. ಇಂಥ ನಾಜೂಕು ಕೆಲಸಕ್ಕೆ ಲೇಸರ್ ಚಿಮಟವೇ ಸರಿ. ಅಣುವನ್ನು ಪುಟ್ಟ ಪ್ಲಾಸ್ಟಿಕ್ ಮಣಿಗೆ ಅಂಟಿಸಿ, ಮಣಿಯನ್ನು ಬೆಳಕಿನಲ್ಲೇ ಹಿಡಿಯುತ್ತಾರೆ. ಇದನ್ನು ಕಂಡುಹಿಡಿದ ಆರ್ಥರ್ ಆಶ್ಕಿನ್‌ಗೆ ನೊಬೆಲ್ ಬಂದದ್ದು 2018ರಲ್ಲಿ, 96ರ ವಯಸ್ಸಿಗೆ! ಆದರೆ ಲೇಸರ್ ಜಾಸ್ತಿಯಾದರೆ ಮಾದರಿಯೇ ಹಾಳಾಗಬಹುದು.

ಸ್ನಾಯುವಿನ ಟೈಟಿನ್ ಪ್ರೋಟೀನಿನ ಮಡಿಕೆ ಬಿಚ್ಚಬೇಕಾ? ಎಎಫ್‌ಎಂನಲ್ಲಿ ಎಳೆದಾಗ ಅದು 150ರಿಂದ 300 ಪಿಕೊನ್ಯೂಟನ್ ಕೇಳುತ್ತದೆ. ಸೂಜಿಗೆ ಇದು ಸಲೀಸು, ಮೇಲ್ಮೈಯ ಚಿತ್ರವೂ ಸಿಗುತ್ತದೆ. ಕೆಲವೇ ಪಿಕೊನ್ಯೂಟನ್ ಅಂದ್ರೆ ಮಾತ್ರ ಅದರ ಅಳತೆ ಸೂಜಿಯದೇ ನಡುಕದ ಗದ್ದಲದಲ್ಲಿ ಕಳೆದುಹೋಗುತ್ತದೆ. ಡಿಎನ್‌ಎ, ಕೈನೆಸಿನ್‌ನಂಥ ಮೋಟಾರ್ ಪ್ರೋಟೀನ್ ನಿಮ್ಮ ವಿಷಯವಾದರೆ ಸುಮ್ನೆ ಸೂಜಿಯ ಹಿಂದೆ ಬೀಳಬೇಡಿ.